ಮನೆ–ಮಳಿಗೆ: ದಿನದ ದಾರಿಗೆ ಸ್ಪೋರ್ಟ್ಸ್ ಕಾರು

ಬನಿಯನ್ ವ್ಯಾಪಾರದಲ್ಲಿರುವ ಶ್ರಾವಕ ಬಂಧುವೊಬ್ಬರು ನಮಗೆ ಪತ್ರ ಬರೆದಿದ್ದಾರೆ. ಮನೆ ಕೊಯಮತ್ತೂರಿನಲ್ಲಿ, ಮಳಿಗೆ ತಿರುಪ್ಪೂರಿನಲ್ಲಿ. ವ್ಯವಹಾರಕ್ಕೆ ಇಳಿದ ಮಗ ದಿನವೂ ಸುಮಾರು 50 ಕಿಲೋಮೀಟರ್ ಹೋಗಿ ಅಷ್ಟೇ ದೂರ ಹಿಂದಿರುಗುತ್ತಾನೆ. ಅವನಿಗೆ ಈಗ ಸ್ಪೋರ್ಟ್ಸ್ ಕಾರೇ ಆಗಬೇಕಂತೆ. ಬೇಡವೆಂದರೆ ಮನೆಯಲ್ಲಿ ಮಾತು ನಿಲ್ಲುತ್ತದೆ, ಹೂಂ ಎಂದರೆ ತಾಯಿಗೆ ನಿದ್ದೆ ಬರುವುದಿಲ್ಲ. ಕೊಡಿಸುವುದೇ ಆದರೆ ಯಾವುದು ದಿನದ ಓಡಾಟಕ್ಕೆ ಒದಗೀತು ಎಂಬುದು ಅವರ ಪ್ರಶ್ನೆ.

ಹುಡುಗನ ಆಸೆ ಆ ಊರಿಗೆ ಹೊಸದಲ್ಲ. ಜವಳಿ ಗಿರಣಿಗಳ ಮನೆತನದ ಎಸ್. ಕರಿವರ್ಧನ್ ಅವರು ಮಾರುತಿ 800ರ ಸಣ್ಣ ಎಂಜಿನನ್ನೇ ಇಟ್ಟುಕೊಂಡು ‘ಫಾರ್ಮುಲಾ ಮಾರುತಿ’ ಎಂಬ ರೇಸ್ ಕಾರನ್ನು ಕಟ್ಟಿದ್ದು ಕೊಯಮತ್ತೂರಿನಲ್ಲಿಯೇ. ಅವರು 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಚೆಟ್ಟಿಪಾಳೆಯದಲ್ಲಿರುವ ಕರಿ ಮೋಟಾರ್ ಸ್ಪೀಡ್‌ವೇ ಅವರ ಹೆಸರಿನದು. ಅದೇ ಫಾರ್ಮುಲಾ ಮಾರುತಿಯಲ್ಲಿ ಓಡಿಸಲು ಕಲಿತ ಕೊಯಮತ್ತೂರಿನ ನಾರಾಯಣ್ ಕಾರ್ತಿಕೇಯನ್ 2005ರಲ್ಲಿ ಫಾರ್ಮುಲಾ ಒನ್ ಮುಟ್ಟಿದ ಮೊದಲ ಭಾರತೀಯರಾದರು. ಇಂಥ ಊರಿನಲ್ಲಿ ಬೆಳೆದ ಹುಡುಗ ಕಾರಿನ ಕನಸು ಕಂಡರೆ ಕೆಟ್ಟುಹೋದನೆಂದು ತಿಳಿಯಬೇಕಾಗಿಲ್ಲ. ಆದರೆ ರೇಸಿನ ಪಥ ಬೇರೆ, ಅವಿನಾಶಿ ರಸ್ತೆ ಬೇರೆ. ಆಯ್ಕೆಯಲ್ಲಿ ಎಡವುವುದು ಇಲ್ಲಿಯೇ.

ಅಂಗಡಿಯವನು ಮೊದಲು ಹೇಳುವುದು ಅಶ್ವಶಕ್ತಿಯ ಲೆಕ್ಕ. ದಿನದ ದಾರಿಯಲ್ಲಿ ಕೆಲಸಕ್ಕೆ ಬರುವುದು ಟಾರ್ಕ್, ಎಂದರೆ ತಿರುಗಿಸುವ ಬಲ. ನಮ್ಮ ಶ್ರಾವಿಕೆಯರಿಗೆ ಇದು ಬೇಗ ತಿಳಿದೀತು. ಕೊಯಮತ್ತೂರಿನ ವೆಟ್ ಗ್ರೈಂಡರಿಗೆ ನೆನೆದ ಅಕ್ಕಿ ತುಂಬಿ ಗುಂಡಿ ಒತ್ತಿದಾಗ ಕಲ್ಲು ನಿಧಾನವಾಗಿಯೇ ತಿರುಗುತ್ತದೆ, ಆದರೆ ನಿಲ್ಲದೆ ತಿರುಗುತ್ತದೆ. ಮಿಕ್ಸಿ ಅದಕ್ಕಿಂತ ಎಷ್ಟೋ ಪಟ್ಟು ವೇಗವಾಗಿ ತಿರುಗಿದರೂ ಗಟ್ಟಿ ಹಿಟ್ಟು ಸಿಕ್ಕಿದರೆ ಮುಲುಗುತ್ತದೆ. ಒಂದು ಮೀಟರ್ ಉದ್ದದ ಸ್ಪ್ಯಾನರಿನ ತುದಿಗೆ ಹತ್ತು ಕಿಲೋ ತೂಕ ನೇತುಹಾಕಿದರೆ ಬರುವ ತಿರುಗುಬಲ ಹೆಚ್ಚುಕಡಿಮೆ 100 ನ್ಯೂಟನ್ ಮೀಟರ್. ಅಶ್ವಶಕ್ತಿಯೆಂಬುದು ಈ ಬಲವನ್ನು ಎಂಜಿನ್ ತಿರುಗುವ ವೇಗದಿಂದ ಗುಣಿಸಿ ಬಂದ ಲೆಕ್ಕ. ಹಾಗಾಗಿ ಬಲ ಕಡಿಮೆಯಿದ್ದರೂ ಎಂಜಿನನ್ನು ಬಹಳ ವೇಗವಾಗಿ ತಿರುಗಿಸಿ ಕಾಗದದ ಮೇಲೆ ದೊಡ್ಡ ಅಶ್ವಶಕ್ತಿ ತೋರಿಸಬಹುದು.

ಹೋಂಡಾದವರು 1999ರಲ್ಲಿ ಹೊರತಂದ ಎಸ್2000 ಎಂಬ ಪ್ರಸಿದ್ಧ ಕಾರನ್ನೇ ನೋಡಿ. ಅಶ್ವಶಕ್ತಿ 240. ಟಾರ್ಕ್ ಮಾತ್ರ 208 ನ್ಯೂಟನ್ ಮೀಟರ್. ಅದೂ ಪೂರ್ತಿ ದೊರೆಯುವುದು ಎಂಜಿನ್ ನಿಮಿಷಕ್ಕೆ 7,500 ಸುತ್ತು ತಿರುಗಿದಾಗ. ಟೊಯೋಟಾದ 2012ರ ‘86’ ಕಾರಿನದೂ ಇದೇ ಕಥೆ: 205 ನ್ಯೂಟನ್ ಮೀಟರ್, 6,400 ಸುತ್ತಿನ ಮೇಲೆ. ಓಡಿಸಿದವರೆಲ್ಲ ನಡುವೆ ಎಳೆತವಿಲ್ಲವೆಂದು ಗೊಣಗಿದರು. 2021ರಲ್ಲಿ ಕಂಪನಿಯವರು ಎಂಜಿನನ್ನು ಎರಡು ಲೀಟರಿನಿಂದ 2.4 ಲೀಟರಿಗೆ ಹಿಗ್ಗಿಸಿ, 250 ನ್ಯೂಟನ್ ಮೀಟರನ್ನು 3,700 ಸುತ್ತಿಗೇ ಸಿಗುವಂತೆ ಮಾಡಿದರು. ತಯಾರಕರೇ ಒಪ್ಪಿ ತಿದ್ದಿದ ಮಾತು ಇದು.

ಈಗ ಅವಿನಾಶಿ ರಸ್ತೆಗೆ ಬನ್ನಿ. ಉಪ್ಪಿಲಿಪಾಳೆಯದಿಂದ ಗೋಲ್ಡ್‌ವಿನ್ಸ್‌ವರೆಗಿನ 10.1 ಕಿಲೋಮೀಟರ್ ಮೇಲ್ಸೇತುವೆ 2025ರ ಅಕ್ಟೋಬರಿನಲ್ಲಿ ತೆರೆಯಿತು, ಜಿ.ಡಿ. ನಾಯ್ಡು ಅವರ ಹೆಸರು ಹೊತ್ತು. ಅದನ್ನು ಇಳಿದ ಮೇಲೆ ಹೆದ್ದಾರಿ. ಆಮೇಲೆ ತಿರುಪ್ಪೂರಿನ ಒಳಗೆ ಬಟ್ಟೆಯ ಮೂಟೆ ಹೇರಿದ ಟೆಂಪೋಗಳು, ಕಾರ್ಖಾನೆ ಬಿಟ್ಟ ಹೊತ್ತಿನ ಜನ, ಮೊಪೆಡ್ಡುಗಳು. ಇಲ್ಲಿ ಎಂಜಿನ್ ತಿರುಗುವುದು 1,500ರಿಂದ 3,000 ಸುತ್ತಿನೊಳಗೆ. ಆ ಹೊತ್ತಿನಲ್ಲಿ ಎಳೆಯದ ಕಾರಿಗೆ ಪದೇ ಪದೇ ಗೇರು ಇಳಿಸಬೇಕು, ಕ್ಲಚ್ ತುಳಿಯಬೇಕು. ಸಂಜೆಗೆ ಎಡಗಾಲು ಸೋಲುತ್ತದೆ, ತಿಂಗಳುಗಳಲ್ಲಿ ಕ್ಲಚ್ ಸವೆಯುತ್ತದೆ. ಲಾರಿಯನ್ನು ಹಿಂದೆ ಹಾಕುವಾಗ ಬಲ ಬರುವುದು ಒಂದು ಗಳಿಗೆ ತಡವಾದರೆ ಅಪಾಯವೂ ಉಂಟು.

ಆದ್ದರಿಂದ ಪಟ್ಟಿಯಲ್ಲಿ ಕೇಳಬೇಕಾದದ್ದು ಟಾರ್ಕ್ ಎಷ್ಟು ಎಂದಷ್ಟೇ ಅಲ್ಲ, ಎಷ್ಟು ಸುತ್ತಿಗೆ ಶುರು ಎಂದು. ಟರ್ಬೊ ಎಂಜಿನ್ನಿನ ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿ 2022ರಲ್ಲಿ ಬಂದಿತು. ಅಶ್ವಶಕ್ತಿ 150 ಮಾತ್ರ, ಆದರೆ 250 ನ್ಯೂಟನ್ ಮೀಟರ್ 1,600 ಸುತ್ತಿನಿಂದಲೇ ಸಿಗುತ್ತದೆ. ಹ್ಯೂಂಡೈ ಐ20 ಎನ್ ಲೈನ್ ಇನ್ನೂ ಚಿಕ್ಕದು: 172 ನ್ಯೂಟನ್ ಮೀಟರ್, 1,500 ಸುತ್ತಿನಿಂದ. ಇವನ್ನು ಸ್ಪೋರ್ಟ್ಸ್ ಕಾರೆಂದು ಕರೆದರೆ ಹುಡುಗ ಮುಖ ಸಿಂಡರಿಸಿಯಾನು. ಎರಡೇ ಬಾಗಿಲಿನ, ನೆಲಕ್ಕೆ ತಾಗುವಂಥದ್ದೇ ಬೇಕೆಂದರೆ ವಿದ್ಯುತ್ತಿನದು ನೋಡಲಿ. ವಿದ್ಯುತ್ ಮೋಟಾರಿಗೆ ನಿಂತಲ್ಲಿಂದಲೇ ಪೂರ್ಣ ಬಲ. 2025ರಲ್ಲಿ ಬಂದ ಎಂಜಿ ಸೈಬರ್‌ಸ್ಟರ್ 725 ನ್ಯೂಟನ್ ಮೀಟರಿನದು, ಬೆಲೆ ಮುಕ್ಕಾಲು ಕೋಟಿಯ ಹತ್ತಿರ. ಬಲವೇನೋ ಬೇಕಾದಷ್ಟಿದೆ. ಕೂರುವ ಜಾಗ ಎರಡೇ. ಅಜ್ಜಿಯನ್ನು ಬಸದಿಗೆ ಕರೆದೊಯ್ಯಲು ಇನ್ನೊಂದು ಕಾರು ಬೇಕು. ತಗ್ಗು ಕಾರಿನ ಹೊಟ್ಟೆಗೂ ನೆಲಕ್ಕೂ ಇರುವ ಅಂತರ ಸಾಮಾನ್ಯವಾಗಿ 120-130 ಮಿಲಿಮೀಟರ್. ನಮ್ಮ ಊರುಗಳ ಉಬ್ಬುಗಳನ್ನು ಕಟ್ಟಿದವರು ಈ ಅಳತೆ ಕೇಳಿಯೂ ಇರಲಾರರು.

ಇನ್ನು ಮಿಕ್ಕ ಅಶ್ವಶಕ್ತಿಯ ಮಾತು. ಕೇಂದ್ರದ 2018ರ ಅಧಿಸೂಚನೆಯ ಪ್ರಕಾರ ನಡುವೆ ವಿಭಜಕವಿರುವ ನಾಲ್ಕು ಪಥದ ರಸ್ತೆಯಲ್ಲಿ ಕಾರಿಗೆ ಗರಿಷ್ಠ ಮಿತಿ ಗಂಟೆಗೆ 100 ಕಿಲೋಮೀಟರ್, ನಗರದೊಳಗೆ 70. ಸಮತಟ್ಟಾದ ದಾರಿಯಲ್ಲಿ ಆ ನೂರನ್ನು ಹಿಡಿದು ಸಾಗಲು ಬೇಕಾಗುವುದು ಸುಮಾರು 20 ಅಶ್ವಶಕ್ತಿ. ಮೇಲಿನ ಮುನ್ನೂರು, ಐನೂರು ಕುದುರೆಗಳನ್ನು ಲಾಯದಲ್ಲಿ ಕಟ್ಟಿ ಹುಲ್ಲು ಹಾಕುತ್ತಿರಬೇಕು. ಪರಿಗ್ರಹ ಪರಿಮಾಣ ವ್ರತ ಹಿಡಿದವರು ಇಂಥದ್ದನ್ನು ಯಾವ ಲೆಕ್ಕಕ್ಕೆ ಸೇರಿಸುತ್ತಾರೆಂದು ನಾವು ಬಿಡಿಸಿ ಹೇಳಬೇಕಿಲ್ಲ. ಪ್ರಯೋಜನವಿಲ್ಲದೆ ಬರಿದೇ ಓಡಿಸಿ ಸುತ್ತುವುದು ಅನರ್ಥದಂಡವೆಂದು ಹಿರಿಯರು ಹೇಳಿದರೆ ಅದನ್ನು ಹಳೆಯ ಕಾಲದ ಮಾತೆಂದು ತಳ್ಳುವಂತಿಲ್ಲ.

ಈ ಸೀಮೆಯಿಂದ ಮೈಸೂರಿಗೆ, ಶ್ರವಣಬೆಳಗೊಳಕ್ಕೆ ಬರುವ ನಮ್ಮವರು ಸತ್ಯಮಂಗಲದ ಮೇಲೆ ದಿಂಬಂ ಘಟ್ಟ ಹತ್ತುತ್ತಾರೆ. ಅಲ್ಲಿ 27 ಹೇರ್‌ಪಿನ್ ತಿರುವುಗಳಿವೆ. ತಳಸುತ್ತಿನ ಬಲ ಎಂದರೇನೆಂದು ಅಲ್ಲಿ ಎರಡನೆಯ ಗೇರಿನಲ್ಲಿಯೇ ತಿಳಿದುಬಿಡುತ್ತದೆ. ಹುಲಿ ರಕ್ಷಿತಾರಣ್ಯದ ನಡುವಿನ ದಾರಿ ಅದು. ವಾಹನಕ್ಕೆ ಸಿಕ್ಕಿ ಕಾಡುಪ್ರಾಣಿಗಳು ಸಾಯುತ್ತಿದ್ದುದರಿಂದ ಮದ್ರಾಸ್ ಹೈಕೋರ್ಟಿನ ಆದೇಶದ ಮೇರೆಗೆ 2022ರಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂದಿತು. ಅಹಿಂಸೆಯನ್ನು ನೆಚ್ಚಿದ ಮನೆಯ ಹುಡುಗನ ಕೈಗೆ ವೇಗದ ಕಾರಿನ ಬೀಗ ಕೊಡುವ ಮುನ್ನ ಈ ಒಂದು ಸಂಗತಿಯನ್ನು ಅವನಿಗೆ ಹೇಳಲೇಬೇಕು. ಈರ್ಯಾಸಮಿತಿ ಮುನಿಗಳ ಕಾಲ್ನಡಿಗೆಗೆ ಹೇಳಿದ್ದು ನಿಜ. ಅದರ ಎಚ್ಚರಿಕೆ ನಾಲ್ಕು ಚಕ್ರದವನಿಗೆ ಇನ್ನೂ ಹೆಚ್ಚು ಬೇಕು.

ಚರ್ಮದ ವಿಚಾರವನ್ನು ಮರೆಯಬೇಡಿ. ಬೆಲೆ ಏರಿದಂತೆ ಆಸನಕ್ಕೆ ಚರ್ಮದ ಹೊದಿಕೆ ಬರುತ್ತದೆ. ಆಸನ ಬಟ್ಟೆಯದಾಗಿದ್ದರೂ ಸ್ಟೀರಿಂಗಿಗೆ, ಗೇರಿನ ಹಿಡಿಗೆ ಚರ್ಮ ಸುತ್ತಿರುವುದುಂಟು. ಕೃತಕ ಚರ್ಮವೋ ನಿಜವೋ ಎಂದು ಬರಹದಲ್ಲಿ ಕೇಳಿ ಪಡೆಯಿರಿ, ಬಾಯಿಮಾತು ಸಾಲದು. ಕಾರನ್ನು ಅಂಗಡಿಯ ಹೆಸರಿನಲ್ಲಿ ಕೊಂಡರೆ ಜಿ.ಎಸ್.ಟಿ. ಹಿಂದಕ್ಕೆ ಬರುತ್ತದೆಂದು ಕೆಲವರು ನಂಬಿದ್ದಾರೆ. ನಮ್ಮಂಥ ವ್ಯಾಪಾರಿಗಳು ಓಡಾಟಕ್ಕೆ ಕೊಳ್ಳುವ ಕಾರಿಗೆ ಆ ಜಮೆ ಸಿಗದು. 2025ರ ಸೆಪ್ಟೆಂಬರ್ 22ರಿಂದ ಚಿಕ್ಕ ಪೆಟ್ರೋಲ್ ಕಾರಿಗೆ ತೆರಿಗೆ ಶೇಕಡಾ 18, ದೊಡ್ಡದಕ್ಕೆ 40. ಈ ಅಂತರವೇ ಒಂದು ವರ್ಷದ ಪೆಟ್ರೋಲಿಗೆ ಸಾಕಾದೀತು.

ಪತ್ರ ಬರೆದ ಬಂಧುಗಳಿಗೆ ನಮ್ಮ ಉತ್ತರ: ಐದು ಜನ ಕೂರುವ, 1,500-1,600 ಸುತ್ತಿನಿಂದಲೇ ಎಳೆಯುವ ಟರ್ಬೊ ಕಾರಿಗೆ ಒಪ್ಪಿಗೆ ಕೊಡಿ, ಎರಡು ಆಸನದ್ದಕ್ಕೆ ಬೇಡ. ಮುಂಗಡ ಕಟ್ಟುವ ಮುನ್ನ ಪರೀಕ್ಷೆಗೆ ಕಾರನ್ನು ಬೆಳಗಿನ ಖಾಲಿ ರಸ್ತೆಯಲ್ಲಿ ಕೇಳಬೇಡಿ. ಸಂಜೆ ಆರಕ್ಕೆ, ಎ.ಸಿ. ಹಾಕಿಕೊಂಡು, ನಾಲ್ವರು ಕೂತು, ಎರಡನೆಯ ಗೇರಿನಲ್ಲಿ ಇಪ್ಪತ್ತರ ವೇಗದಿಂದ ಏರು ಹತ್ತಿಸಿ ನೋಡಿ. ಹಿಂದಿನ ಆಸನದಲ್ಲಿ ತಾಯಿಯೇ ಕೂರಲಿ.