ತೆರೆಯ ಮೇಲಣ ನಿಷೇಧವೂ ತೆರೆಯ ಮರೆಯ ಬೆದರಿಕೆಯೂ

ಪುರುಷರ ಪರಸ್ಪರಾನುರಾಗವನ್ನು ತೋರಿಸುವ ಚಲಚ್ಚಿತ್ರಗಳ ವಿಷಯವನ್ನು, ಅದರಲ್ಲಿಯೂ ವಯಸ್ಕರಿಗೆಂದೇ ಮೀಸಲಾದ ಚಿತ್ರಗಳ ವಿಷಯವನ್ನು, ಈ ಅಂಕಣದಲ್ಲಿ ಚರ್ಚಿಸುವುದನ್ನು ಕಂಡು ನಮ್ಮ ವಾಚಕರಲ್ಲಿ ಕೆಲವರು ಹುಬ್ಬೇರಿಸಬಹುದು. ಆದರೆ ಮಾತನಾಡಲು ನಾಚುವ ವಿಷಯದಲ್ಲಿಯೇ ಅನ್ಯಾಯವು ನಿರಾತಂಕವಾಗಿ ಬೆಳೆಯುವುದೆಂಬುದು ಲೋಕಾನುಭವ. ದೊಡ್ಡಬಳ್ಳಾಪುರದ ಮಗ್ಗದ ಕೇರಿಗಳಿಂದ ದೇವನಹಳ್ಳಿಯ ವಿಮಾನನಿಲ್ದಾಣದವರೆಗೆ, ಹೊಸಕೋಟೆ ನೆಲಮಂಗಲಗಳ ಕಾರ್ಖಾನೆಗಳವರೆಗೆ, ಇಂದು ಪ್ರತಿಯೊಬ್ಬ ತರುಣನ ಜೇಬಿನಲ್ಲಿಯೂ ಒಂದು ಚಿತ್ರಮಂದಿರವಿದೆ. ಒಂದು ಕ್ಯಾಮೆರಾ ಕೂಡ ಇದೆ. ಆದುದರಿಂದ ಈ ಪ್ರಶ್ನೆಯು ದೂರದ ನಗರಗಳದೆಂದು ಕೈತೊಳೆದುಕೊಳ್ಳುವಂತಿಲ್ಲ.

ಮೊದಲು ಇತಿಹಾಸವನ್ನು ನೋಡೋಣ. ಈ ವಿಷಯವನ್ನು ಸಹಾನುಭೂತಿಯಿಂದ ತೆರೆಗೆ ತಂದ ಮೊದಮೊದಲಿನ ಚಿತ್ರಗಳಲ್ಲಿ ಮುಖ್ಯವಾದುದು 1919ರಲ್ಲಿ ಜರ್ಮನಿಯಲ್ಲಿ ರಿಚರ್ಡ್ ಓಸ್ವಾಲ್ಡನು ಡಾಕ್ಟರ್ ಮಾಗ್ನುಸ್ ಹಿರ್ಷ್‌ಫೆಲ್ಡನ ಸಹಾಯದಿಂದ ತೆಗೆದ 'ಆಂಡರ್ಸ್ ಆಲ್ಸ್ ದಿ ಆಂಡರ್ನ್'. ಅದರ ಕಥೆ ವಿಲಾಸದ ಕಥೆಯಲ್ಲ. ಗುಟ್ಟನ್ನು ಬಯಲುಮಾಡುವೆನೆಂದು ಹೆದರಿಸಿ ಹಣ ಕೀಳುವ ದುಷ್ಟನ ಕೈಗೆ ಸಿಕ್ಕು ಪ್ರಾಣ ಕಳೆದುಕೊಂಡ ಸಂಗೀತಗಾರನ ಕಥೆ. 1920ರಲ್ಲಿ ಅಲ್ಲಿನ ಸರಕಾರವು ಸಾರ್ವಜನಿಕರಿಗೆ ಅದನ್ನು ತೋರಿಸಕೂಡದೆಂದು ವಿಧಿಸಿತು. 1933ರಲ್ಲಿ ನಾಜಿಗಳು ಹಿರ್ಷ್‌ಫೆಲ್ಡನ ಸಂಸ್ಥೆಯನ್ನೇ ಲೂಟಿಮಾಡಿದರು. ಆ ಚಿತ್ರದ ತುಣುಕುಗಳು ಮಾತ್ರ ಇಂದು ಉಳಿದಿವೆ.

ಅಮೇರಿಕೆಯಲ್ಲಿ 1934ರಿಂದ ಕಟ್ಟುನಿಟ್ಟಾಗಿ ನಡೆದ ಹೇಸ್ ನಿಯಮಾವಳಿಯು ಇಂಥ ವಿಷಯದ ಪ್ರಸ್ತಾಪವನ್ನೇ ಬಹುಕಾಲ ತಡೆಯಿತು. ಗೌರವದ ಬಾಗಿಲು ಮುಚ್ಚಿದಾಗ ಹಿತ್ತಿಲ ಬಾಗಿಲು ತೆರೆಯಿತು. 1945ರಲ್ಲಿ ಬಾಬ್ ಮೈಜರ್ ಎಂಬಾತನು ಅಂಗಸಾಧನೆಯ ಚಿತ್ರಗಳೆಂಬ ಹೆಸರಿನಲ್ಲಿ ಪುರುಷಸೌಂದರ್ಯದ ಚಿತ್ರಗಳನ್ನು ಅಂಚೆಯ ಮೂಲಕ ಮಾರಲಾರಂಭಿಸಿದನು. ಅಂಥ ಪತ್ರಿಕೆಗಳು ಅಶ್ಲೀಲವಲ್ಲವೆಂದು 1962ರಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. 1971ರ ಡಿಸೆಂಬರಿನಲ್ಲಿ ವೇಕ್‌ಫೀಲ್ಡ್ ಪೂಲನ 'ಬಾಯ್ಸ್ ಇನ್ ದಿ ಸ್ಯಾಂಡ್' ನ್ಯೂಯಾರ್ಕಿನ ಚಿತ್ರಮಂದಿರವೊಂದರಲ್ಲಿ ಬಹಿರಂಗವಾಗಿ ಪ್ರದರ್ಶಿತವಾಯಿತು. ಆ ಚಿತ್ರದಲ್ಲಿ ಸಂಕೋಚವಿರಲಿಲ್ಲ. ಆದರೆ ನಿರ್ಮಾಪಕನು ತನ್ನ ನಿಜವಾದ ಹೆಸರನ್ನೇ ಹಾಕಿಕೊಂಡನು, ವೃತ್ತಪತ್ರಿಕೆಗಳು ಅದನ್ನು ವಿಮರ್ಶಿಸಿದವು. 1980ರ ದಶಕದಲ್ಲಿ ವೀಡಿಯೋ ಕ್ಯಾಸೆಟ್ಟು ಬಂದು ಆ ಚಿತ್ರಮಂದಿರಗಳ ವ್ಯಾಪಾರವನ್ನು ಮನೆಯೊಳಕ್ಕೆ ಒಯ್ದಿತು. ಅದೇ ಕಾಲದಲ್ಲಿ ಏಡ್ಸ್ ರೋಗವು ಆ ಸಮುದಾಯವನ್ನು ಹಿಂಡಿತು.

ಈ ವ್ಯಾಪಾರವನ್ನು ಹೊಗಳುವುದು ನಮ್ಮ ಉದ್ದೇಶವಲ್ಲ. ಅದರಲ್ಲಿ ಹಣದಾಸೆಯೂ ಶೋಷಣೆಯೂ ಬೆರೆತಿದ್ದವು. ಆದರೆ ಬೇರೆಲ್ಲಿಯೂ ತಮ್ಮಂಥವರ ಮುಖವನ್ನು ಕಾಣದಿದ್ದ ಸಹಸ್ರಾರು ಜನರು ಅದನ್ನು ಮೊಟ್ಟಮೊದಲು ಕಂಡುದು ಅಲ್ಲಿಯೇ. ಅದು ಆ ಚಿತ್ರಗಳ ಹಿರಿಮೆಯಲ್ಲ, ಮಿಕ್ಕ ಚಿತ್ರಗಳ ಕೊರತೆ. ಇಂಗ್ಲೆಂಡಿನ ನಿದರ್ಶನವನ್ನು ಇದರೊಡನೆ ಹೋಲಿಸಬೇಕು. ಅಲ್ಲಿ 1961ರಲ್ಲಿ 'ವಿಕ್ಟಿಮ್' ಎಂಬ ಚಿತ್ರವು ಇದೇ ಬೆದರಿಕೆಯ ವಸ್ತುವನ್ನು ಮರ್ಯಾದೆಯಿಂದ ಜನಸಾಮಾನ್ಯರ ಮುಂದಿಟ್ಟಿತು. 1967ರಲ್ಲಿ ಕಾಯಿದೆಯೇ ತಿದ್ದುಪಡಿಯಾಯಿತು.

ನಮ್ಮ ದೇಶದ ಸ್ಥಿತಿಯೇನು? 377ನೆಯ ಕಲಮು ನಮ್ಮ ಹಿರಿಯರು ಬರೆದುದಲ್ಲ. 1860ರಲ್ಲಿ ಆಂಗ್ಲ ಪ್ರಭುತ್ವವು ಹೇರಿದುದು. ಚಲಚ್ಚಿತ್ರಗಳ ಪೂರ್ವಪರೀಕ್ಷೆಯೂ 1918ರ ಆಂಗ್ಲರ ಕಾಯಿದೆಯಿಂದಲೇ ಬಂದುದು. ಪರಕೀಯರು ಹೋದರೂ ಅವರ ಬೀಗಗಳನ್ನು ನಾವು ಜೋಪಾನಮಾಡಿದೆವು. 1996ರಲ್ಲಿ ರಿಯಾದ್ ವಾಡಿಯಾ ಅವರ 'ಬಾಮ್‌ಗೇ' ಎಂಬ ಕಿರುಚಿತ್ರ ಬಂದಿತು. 'ಫೈರ್' ಚಿತ್ರಕ್ಕೆ 1998ರಲ್ಲಿ ಪ್ರಮಾಣಪತ್ರ ದೊರೆತಿದ್ದರೂ ಮುಂಬಯಿ ದೆಹಲಿಗಳಲ್ಲಿ ಚಿತ್ರಮಂದಿರಗಳ ಮೇಲೆ ದಾಳಿಯಾಯಿತು. ಶ್ರೀಧರ ರಂಗಾಯನ್ ಅವರ 2003ರ 'ಗುಲಾಬಿ ಆಯಿನಾ'ಗೆ ಮಂಡಲಿಯು ಪ್ರಮಾಣಪತ್ರವನ್ನೇ ನಿರಾಕರಿಸಿತು.

ಕನ್ನಡದಲ್ಲಿಯೂ ಒಂದು ವಿಚಿತ್ರವನ್ನು ಕಾಣುತ್ತೇವೆ. 2013ರಲ್ಲಿ ವಸುಧೇಂದ್ರರು 'ಮೋಹನಸ್ವಾಮಿ' ಕಥಾಸಂಕಲನವನ್ನು ಪ್ರಕಟಿಸಿದರು. ಸಲಿಂಗಾನುರಾಗಿಯೊಬ್ಬನ ಜೀವನವನ್ನು ಅಚ್ಚ ಕನ್ನಡದಲ್ಲಿ ಹೇಳಿದ ಆ ಗ್ರಂಥಕ್ಕೆ ಯಾವ ಮಂಡಲಿಯ ಅಪ್ಪಣೆಯೂ ಬೇಕಾಗಲಿಲ್ಲ. ನಾಡು ಅದನ್ನು ಓದಿತು, ನಾಡೇನೂ ಕೆಡಲಿಲ್ಲ. 2015ರಲ್ಲಿ ಬಿ. ಎಸ್. ಲಿಂಗದೇವರು ಅವರ 'ನಾನು ಅವನಲ್ಲ ಅವಳು' ತೆರೆಕಂಡಿತು. ಅದರ ಅಭಿನಯಕ್ಕಾಗಿ ಸಂಚಾರಿ ವಿಜಯ್ ಅವರಿಗೆ ರಾಷ್ಟ್ರಪ್ರಶಸ್ತಿ ಬಂದಿತು. ಅದು ಲಿಂಗಪರಿವರ್ತಿತೆಯ ಕಥೆ; ಸಲಿಂಗಾನುರಾಗದ್ದಲ್ಲ; ಎರಡನ್ನೂ ಬೆರೆಸಬಾರದು. ಆದರೂ ಗಂಭೀರವಾಗಿ ತೋರಿಸಿದರೆ ಕನ್ನಡಿಗರು ಗಂಭೀರವಾಗಿ ನೋಡಬಲ್ಲರೆಂಬುದಕ್ಕೆ ಇದು ಸಾಕ್ಷಿ. ಬೆಂಗಳೂರು ನಗರದಲ್ಲಿ ಇಂಥ ಚಿತ್ರಗಳ ಉತ್ಸವವೂ ನಡೆದಿದೆ. ಆದರೆ ನಗರದ ಉತ್ಸವವು ತೂಬಗೆರೆಯವನಿಗೂ ಸೂಲಿಬೆಲೆಯವನಿಗೂ ಎಟುಕುವುದೆ? ಅವನಿಗೆ ಉಳಿದಿರುವುದು ಕೈಯಲ್ಲಿರುವ ಯಂತ್ರ ಮಾತ್ರ. ಅದು ಉಣಬಡಿಸುವುದು ಪರದೇಶದ ನಗ್ನಚಿತ್ರಗಳನ್ನೇ ಹೆಚ್ಚಾಗಿ.

ಇಲ್ಲಿಯೇ ನಿಜವಾದ ಅಪಾಯವಿರುವುದು. ಆ ಚಿತ್ರಗಳಿಗಿಂತ ಆ ಯಂತ್ರದ ಕ್ಯಾಮೆರಾ ಹೆಚ್ಚು ಭಯಂಕರವಾದುದು. ಸ್ನೇಹದ ಆಮಿಷವೊಡ್ಡಿ ಕರೆಸಿ, ಗುಟ್ಟಾಗಿ ಚಿತ್ರ ತೆಗೆದು, ತಂದೆತಾಯಿಗಳಿಗೆ ಕಳುಹಿಸುವೆನೆಂದು ಬೆದರಿಸಿ ಹಣ ಸುಲಿಯುವ ಪಿಡುಗು ದೇಶದಲ್ಲೆಲ್ಲ ಇದೆ. 1919ರ ಚಿತ್ರದಲ್ಲಿ ದುಷ್ಟನು ಬಾಯಿಮಾತಿನಿಂದ ಹೆದರಿಸಿದನು. ಇಂದು ಅವನೇ ಚಿತ್ರನಿರ್ಮಾಪಕನಾಗಿದ್ದಾನೆ.

ಕಾಯಿದೆಯು ಅಂಥವನಿಗೆ ಯಾವ ಆಶ್ರಯ ಕೊಟ್ಟಿದೆ? 2018ರ ಸೆಪ್ಟೆಂಬರ್ 6ರಂದು ಸರ್ವೋಚ್ಚ ನ್ಯಾಯಾಲಯವು ವಯಸ್ಕರ ಸಮ್ಮತಿಯ ಸಂಬಂಧವು ಅಪರಾಧವಲ್ಲವೆಂದು ಘೋಷಿಸಿತು. ಬಲಾತ್ಕಾರದ ಮಟ್ಟಿಗೆ 377ನೆಯ ಕಲಮನ್ನು ಉಳಿಸಿತು. 2024ರ ಜುಲೈ 1ರಂದು ಭಾರತೀಯ ನ್ಯಾಯಸಂಹಿತೆಯು ಜಾರಿಗೆ ಬಂದಾಗ ಆ ಉಳಿದ ಭಾಗವೂ ಹೋಯಿತು. ಅದರ ಸ್ಥಾನದಲ್ಲಿ ಬೇರೊಂದನ್ನು ಇಡಲಿಲ್ಲ. ಕದ್ದು ಚಿತ್ರ ತೆಗೆಯುವುದನ್ನು ದಂಡಿಸುವ ಸಂಹಿತೆಯ 77ನೆಯ ಕಲಮು ಸ್ತ್ರೀಯರನ್ನು ಮಾತ್ರ ರಕ್ಷಿಸುತ್ತದೆ. ಪುರುಷನಿಗೆ ಉಳಿದಿರುವುವು ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಇ ಕಲಮಿನ ಮೂರು ವರ್ಷಗಳವರೆಗಿನ ಸಜೆ, ಹಾಗೂ ಸಂಹಿತೆಯ 308ನೆಯ ಕಲಮಿನಲ್ಲಿ ಹೆದರಿಸಿ ಹಣ ಕಿತ್ತವನಿಗೆ ಏಳು ವರ್ಷಗಳವರೆಗಿನ ಸಜೆ. ಇವು ಅಲ್ಪವಲ್ಲ. ಆದರೆ ದೂರು ಕೊಡಲು ಹೋದವನು, ತಾನೇ ಕಳುಹಿಸಿದ ಚಿತ್ರಕ್ಕಾಗಿ 67ಎ ಕಲಮಿನಲ್ಲಿ ತನ್ನನ್ನೇ ಹಿಡಿದಾರೆಂದು ಅಂಜಿದರೆ ಆ ಅಂಜಿಕೆಯು ಸಹಜವಾದುದು. ವಯಸ್ಕನು ತನ್ನ ಏಕಾಂತದಲ್ಲಿ ವಯಸ್ಕರ ಚಿತ್ರವನ್ನು ನೋಡುವುದು ತಾನಾಗಿಯೇ ಅಪರಾಧವಲ್ಲವೆಂಬುದನ್ನು ಬಲ್ಲವರು ಎಷ್ಟು ಮಂದಿ? ಬಾಲಕರನ್ನು ಒಳಗೊಂಡ ಚಿತ್ರಗಳ ಮಾತು ಬೇರೆ. ಅವಕ್ಕೆ ಯಾವ ಕ್ಷಮೆಯೂ ಇಲ್ಲ, ಇರಲೂ ಕೂಡದು.

ಎಲ್ಲವನ್ನೂ ನಿಷೇಧಿಸಿರೆಂಬುದು ಕೆಲವರ ಸಲಹೆ. 2015ರ ಜುಲೈ ಕೊನೆಯಲ್ಲಿ ಕೇಂದ್ರ ಸರಕಾರವು 857 ಜಾಲತಾಣಗಳನ್ನು ಮುಚ್ಚಿಸಲು ಆಜ್ಞಾಪಿಸಿ, ಕೆಲವೇ ದಿನಗಳಲ್ಲಿ ಆ ಆಜ್ಞೆಯನ್ನು ಸಡಿಲಿಸಬೇಕಾಯಿತು. ಬಾವಿಗೆ ಮುಚ್ಚಳ ಹಾಕಬಹುದು, ಮಳೆಗೆ ಹಾಕಲಾಗುವುದಿಲ್ಲ.

ನಮ್ಮ ಅಭಿಪ್ರಾಯದಲ್ಲಿ ಮಾಡಬೇಕಾದುವು ಮೂರು. ಮೊದಲನೆಯದಾಗಿ, ಬಲಾತ್ಕಾರದಿಂದಲೂ ಕಳ್ಳಚಿತ್ರದಿಂದಲೂ ಪುರುಷರಿಗೆ ಹಾಗೂ ಲಿಂಗಪರಿವರ್ತಿತರಿಗೆ ಸಮಾನ ರಕ್ಷಣೆ ಕೊಡುವ ಕಲಮುಗಳನ್ನು ಪಾರ್ಲಿಮೆಂಟು ಸೇರಿಸಬೇಕು. ಎರಡನೆಯದಾಗಿ, ದೂರು ತಂದವನನ್ನು ಆರೋಪಿಯಂತೆ ಕಾಣಕೂಡದೆಂದೂ ಅವನ ಹೆಸರನ್ನು ಗೋಪ್ಯವಾಗಿಡಬೇಕೆಂದೂ ಪೋಲೀಸು ಇಲಾಖೆಯು ಜಿಲ್ಲಾ ಠಾಣೆಗಳಿಗೆ ಸ್ಪಷ್ಟವಾಗಿ ವಿಧಿಸಬೇಕು. ಮೂರನೆಯದಾಗಿ, ಪ್ರಮಾಣಪತ್ರ ಮಂಡಲಿಯು ಪ್ರೇಮವನ್ನೂ ಅಶ್ಲೀಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದನ್ನು ಬಿಡಬೇಕು. ಕನ್ನಡ ನಿರ್ಮಾಪಕರೂ ಧೈರ್ಯ ತಾಳಬೇಕು. ಪುಸ್ತಕದಲ್ಲಿ ಹೇಳಬಹುದಾದ ಬಾಳನ್ನು ತೆರೆಯ ಮೇಲೆ ತೋರಿಸಲಾಗದೆಂಬುದು ಯಾವ ನ್ಯಾಯ?

ಗುಟ್ಟು ಎಷ್ಟು ಭಯಾನಕವೋ ಬೆದರಿಸುವವನ ಬಂಡವಾಳವು ಅಷ್ಟು ದೊಡ್ಡದು. ಆ ಬಂಡವಾಳವನ್ನು ಅವನಿಗೆ ಒದಗಿಸುತ್ತಿರುವವರು ನಾವೇ, ಅಂದರೆ ನಮ್ಮ ಸಮಾಜ. ಮನೆಯ ಮಗನು ತನ್ನ ತಂದೆತಾಯಿಗಳಿಗೆ ಅಂಜದೆ ಠಾಣೆಯ ಮೆಟ್ಟಿಲನ್ನು ಹತ್ತುವ ದಿನ ಆ ದುಷ್ಟನ ಅಂಗಡಿಯು ಮುಚ್ಚುವುದು. ಅದಕ್ಕೆ ಕಾಯಿದೆಯೊಂದೇ ಸಾಲದು; ತಂದೆತಾಯಿಗಳ ವಿವೇಕವೂ ಬೇಕು.