ಹತ್ತಿ ಕಟ್ಟಿದ ಗೋಪುರ

ಮಕ್ಕಳೇ, ಮುಂಬೈಯಲ್ಲಿ ‘ಚರ್ಚ್‌ಗೇಟ್’ ಅಂತ ಒಂದು ರೈಲು ನಿಲ್ದಾಣವಿದೆ. ಅಲ್ಲಿಳಿದು ಗೇಟು ಹುಡುಕಿದರೆ ಸಿಗುವುದಿಲ್ಲ. ಪಕ್ಕದಲ್ಲೇ ‘ಫೋರ್ಟ್’ ಎಂಬ ಪೇಟೆ. ಅಲ್ಲಿ ಕೋಟೆಯೂ ಕಾಣುವುದಿಲ್ಲ! ಇಂಗ್ಲಿಷರು ಊರ ಸುತ್ತ ಕಟ್ಟಿದ್ದ ಕೋಟೆಗೋಡೆಯನ್ನು 1860ರ ದಶಕದಲ್ಲಿ ಗವರ್ನರ್ ಬಾರ್ಟಲ್ ಫ್ರಿಯರ್ ಕೆಡವಿಸಿದರು. ಸೇಂಟ್ ಥಾಮಸ್ ಚರ್ಚಿನ ಕಡೆಗಿದ್ದ ಬಾಗಿಲೂ ಹೋಯಿತು. ಹೆಸರು ಮಾತ್ರ ಉಳಿಯಿತು.

ಯಾಕೆ ಕೆಡವಿದರು? ಬೆಳೆಯುವ ಹುಡುಗನಿಗೆ ಹಳೇ ಅಂಗಿ ಬಿಗಿಯಾಗುವ ಹಾಗೆ ಊರಿಗೆ ಆ ಗೋಡೆ ಬಿಗಿಯಾಗಿತ್ತು. ಊರಿಗೆ ದುಡ್ಡೋ ದುಡ್ಡು. 1861ರಲ್ಲಿ ಅಮೆರಿಕದಲ್ಲಿ ಉತ್ತರದವರಿಗೂ ದಕ್ಷಿಣದವರಿಗೂ ಯುದ್ಧ ಹತ್ತಿಕೊಂಡಿತು. ಅಲ್ಲಿಯ ಹತ್ತಿ ಬಾರದೆ ಇಂಗ್ಲೆಂಡಿನ ಗಿರಣಿಗಳು ಕಂಗಾಲಾದವು, ನಮ್ಮ ದೇಶದ ಹತ್ತಿಗೆ ಮುಗಿಬಿದ್ದವು.

ಧಾರವಾಡ ಜಿಲ್ಲೆ ಆಗ ಮುಂಬೈ ಪ್ರಾಂತದಲ್ಲಿತ್ತು. ಅಲ್ಲಿಯ ಎರೆಹೊಲದ ಹತ್ತಿಯನ್ನು ಅಂಡಿಗೆ ಕಟ್ಟಿ, ಎತ್ತುಗಳ ಮೇಲೆ, ಗಾಡಿಗಳಲ್ಲಿ ಘಟ್ಟ ಇಳಿಸಿ ಕುಮಟೆಗೆ ತರುತ್ತಿದ್ದರು. ಅಲ್ಲಿಂದ ಹಾಯಿಹಡಗಿನಲ್ಲಿ ಮುಂಬೈಗೆ. ಹಾಗಾಗಿ ಲಿವರ್‌ಪೂಲ್ ಪೇಟೆಯಲ್ಲಿ ಅದಕ್ಕೆ ‘ಕುಮಟಾ ಹತ್ತಿ’ ಎಂದೇ ಹೆಸರು! ಬೆಳೆದ ಊರು ಒಂದು, ಹೆಸರು ಬಂದದ್ದು ಇನ್ನೊಂದಕ್ಕೆ.

ಮುಂಬೈಯ ಹತ್ತಿ ದಲಾಲಿಗಳಲ್ಲಿ ಪ್ರೇಮಚಂದ್ ರಾಯ್‌ಚಂದ್ ಬಲು ದೊಡ್ಡ ಕುಳ. ಅವರು ಮುಂಬೈ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ 2 ಲಕ್ಷ, ಗಡಿಯಾರದ ಗೋಪುರಕ್ಕೆ 2 ಲಕ್ಷ ರೂಪಾಯಿ ಕೊಟ್ಟರು. ಗೋಪುರಕ್ಕೆ ತಮ್ಮ ತಾಯಿ ರಾಜಾಬಾಯಿಯ ಹೆಸರಿರಲಿ ಎಂದರು. ತಾಯಿಗೆ ಕಣ್ಣು ಕಾಣುತ್ತಿರಲಿಲ್ಲವಂತೆ. ಜೈನರಾದ್ದರಿಂದ ಹೊತ್ತು ಮುಳುಗುವ ಮುಂಚೆ ಊಟವಾಗಬೇಕು. ಗಂಟೆ ಕೇಳಿ ಅಮ್ಮನಿಗೆ ಹೊತ್ತು ತಿಳಿಯಲಿ ಎಂದು ಮಗ ಕಟ್ಟಿಸಿದನಂತೆ. ಮುಂಬೈಯವರು ಹೇಳುವ ಕಥೆ ಇದು. ಅಜ್ಜಿಯರಿಗಂತೂ ತುಂಬ ಹಿಡಿಸುತ್ತದೆ.

ನಕ್ಷೆ ಬರೆದವರು ಲಂಡನ್ನಿನ ಗಿಲ್ಬರ್ಟ್ ಸ್ಕಾಟ್. ಆ ಪುಣ್ಯಾತ್ಮ ಮುಂಬೈಗೆ ಕಾಲಿಡಲೇ ಇಲ್ಲ, ಅಲ್ಲಿಂದಲೇ ಕಳಿಸಿದರು! ಗೋಪುರ ಮುಗಿದದ್ದು 1878ರಲ್ಲಿ; ಎತ್ತರ ಸುಮಾರು 280 ಅಡಿ.

ಅಷ್ಟರಲ್ಲಿ ಹತ್ತಿಯ ಸಂಭ್ರಮ ಮುಗಿದು ಎಷ್ಟೋ ಕಾಲವಾಗಿತ್ತು. 1865ರಲ್ಲಿ ಅಮೆರಿಕದ ಯುದ್ಧ ನಿಂತಿತು, ಹತ್ತಿಯ ಬೆಲೆ ದೊಪ್ಪನೆ ಬಿತ್ತು. ಬ್ಯಾಂಕುಗಳು ಮುಳುಗಿದವು. ಪ್ರೇಮಚಂದರ ಸಿರಿಯೂ ಕರಗಿತು. ಅವರ ಏಳುಬೀಳು ಪುಸ್ತಕಗಳಲ್ಲಿ ಸಿಗುತ್ತದೆ. ಮಳೆ ನಂಬಿ ಹತ್ತಿ ಬಿತ್ತಿದವರ, ಅಂಡಿಗೆ ಹೊತ್ತವರ ಲೆಕ್ಕ ಬರೆದಿಟ್ಟವರು ಕಡಿಮೆ. ನನಗೆ ಆ ಗೋಪುರ ಕಂಡರೆ ಕುಮಟೆಗೆ ಇಳಿಯುವ ಗಾಡಿಗಳೇ ಕಣ್ಣಮುಂದೆ ಬರುತ್ತವೆ.

ಗೋಡೆ ಹೋದ ಜಾಗದಲ್ಲಿ ಹೈಕೋರ್ಟು ಎದ್ದಿತು. ಸ್ವಲ್ಪ ದೂರದಲ್ಲಿ ಸ್ಟೀವನ್ಸರು ದೊಡ್ಡ ರೈಲು ನಿಲ್ದಾಣ ಕಟ್ಟಿಸಿದರು. ಅದರ ಕೆತ್ತನೆಯಲ್ಲಿ ಜೆ.ಜೆ. ಕಲಾಶಾಲೆಯ ವಿದ್ಯಾರ್ಥಿಗಳ ಕೈಯಿದೆ. ನವಿಲು, ಕೋತಿ, ಎಲೆ, ಬಳ್ಳಿ, ಎಲ್ಲ ಕಲ್ಲಿನಲ್ಲಿ. ಆಗ ಅದು ವಿಕ್ಟೋರಿಯಾ ಟರ್ಮಿನಸ್, ಈಗ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್. ಮನೆಯಲ್ಲಿ ಅಜ್ಜ ಇನ್ನೂ ‘ವೀಟಿ’ ಎನ್ನುತ್ತಿದ್ದರೆ ತಿದ್ದಲು ಹೋಗಬೇಡಿ. ಅಲ್ಲಿಳಿದಾಗ ಏನೇನು ಕಂಡಿತು ಅಂತ ಕೇಳಿ.