ನೆರಳಿನ ಸಸಿ, ಬಿಸಿಲ ಹೊಲ

ಮಡಕಶಿರಾ, ರಾಯದುರ್ಗದ ಕಡೆ ಜುಲೈ ಬಂತೆಂದರೆ ಹೊಂಗೆ, ಬೇವು, ಹುಣಸೆ ಸಸಿ ಹಂಚುವ ಸಡಗರ. ಮುಂದಿನ ಯುಗಾದಿಗೆ ಎಷ್ಟು ಉಳಿದವು ಅಂತ ಎಣಿಸುವವರು ಕಡಿಮೆ.

ವರ್ಷಕ್ಕೆ ಸುಮಾರು 550 ಮಿ.ಮೀ. ಮಳೆಯ ಸೀಮೆ ಇದು. ದೊಡ್ಡ ಮಳೆ ಸೆಪ್ಟೆಂಬರಿನದು. ಆದರೂ ತಪ್ಪೆಲ್ಲ ಮಳೆಯದಲ್ಲ. ದಟ್ಟ ನೆರಳಿನಲ್ಲಿ ಬೆಳೆಸಿದ ಸಸಿ ಬೆಳಕು ಹುಡುಕುತ್ತಾ ಉದ್ದಕ್ಕೆ ಏರುತ್ತದೆ. ಎಲೆ ಅಗಲ, ತೆಳು. ಬೇರು ಮಾತ್ರ ಕಿರಿದು. ಒಮ್ಮೆಲೇ ಬಿಸಿಲಿಗಿಟ್ಟರೆ ಎಲೆ ಕಳೆಯುವಷ್ಟು ನೀರನ್ನು ಬೇರು ಎಳೆದುಕೊಡಲಾರದು. ಹಾಗಂತ ನೆರಳೇ ಬೇಡವೆ? ಎಲಚಿ ಪೊದೆಯ ಸಂದಿಯಲ್ಲಿ ಹಕ್ಕಿ ಉದುರಿಸಿದ ಬೇವು ತಾನಾಗೇ ಏಳುತ್ತದಲ್ಲ! ಅಲ್ಲಿ ಚೆದುರು ನೆರಳು ಸುಡುಬಿಸಿಲನ್ನೂ, ಮುಳ್ಳು ಆಡುಗಳನ್ನೂ ತಡೆಯುತ್ತೆ. ದೊಡ್ಡ ಹುಣಸೆಯ ಬುಡದ ಕಥೆ ಬೇರೆ. ಬೆಳಕೂ ಇಲ್ಲ, ಇದ್ದ ತೇವವನ್ನೂ ದೊಡ್ಡ ಬೇರುಗಳೇ ಹೀರುತ್ವೆ. ತೆಲುಗಿನಲ್ಲಿ ನೀಡ ಅನ್ನಿ, ಕನ್ನಡದಲ್ಲಿ ನೆರಳು ಅನ್ನಿ, ಎಲ್ಲ ನೆರಳೂ ಒಂದೇ ಅಲ್ಲ.

ಸಸಿ ಹಂಚುವವರು ತಿಂಗಳ ಮೊದಲೇ ನೆರಳುಬಲೆ ಹಂತಹಂತವಾಗಿ ಸರಿಸಿ, ನೀರು ತಗ್ಗಿಸಿ ಅದನ್ನು ಗಟ್ಟಿ ಮಾಡಿ ಕೊಡಬೇಕು. ನೆಟ್ಟ ಲೆಕ್ಕದ ಜೊತೆಗೆ ಬೇಸಿಗೆ ದಾಟಿದವುಗಳ ಲೆಕ್ಕವನ್ನೂ ಪಂಚಾಯಿತಿ ಬೋರ್ಡಿನಲ್ಲಿ ತೆಲುಗು, ಕನ್ನಡ ಎರಡರಲ್ಲೂ ಬರೆಸಲಿ.